ಮಗನ ಹುಳುಕು ಹಲ್ಲು: ಡೆಂಟಲ್ ಥೆರಪಿಸ್ಟ್ ಬಳಿ ಹೋಗಬಹುದೇ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿನ್ನೆಸೋಟ ರಾಜ್ಯದ ಸಣ್ಣ ಊರಿನಲ್ಲಿದ್ದೇವೆ. ಆರು ವರ್ಷದ ಮಗನ ದವಡೆಯ ಹಾಲುಹಲ್ಲು ಹುಳುಕಾಗಿ, ರಾತ್ರಿಯೆಲ್ಲ ಅಳುತ್ತಾನೆ. ದಂತವೈದ್ಯರನ್ನು ಕಾಣಲು ಎರಡು ತಿಂಗಳು ಕಾಯಬೇಕಂತೆ. ಡೆಂಟಲ್ ಥೆರಪಿಸ್ಟ್ (ಹಲ್ಲಿನ ಕೆಲವೇ ಚಿಕಿತ್ಸೆಗಳಿಗೆ ತರಬೇತಿ ಪಡೆದವರು) ಆದರೆ ಈ ಗುರುವಾರವೇ ನೋಡುತ್ತಾರಂತೆ. ಡಾಕ್ಟರಲ್ಲದವರನ್ನು ನಂಬುವುದು ಹೇಗೆ?

ಉತ್ತರ 1
ಧೈರ್ಯವಾಗಿ ಕರೆದುಕೊಂಡು ಹೋಗಮ್ಮ. ದಾವಣಗೆರೆಯಲ್ಲಿ ಬಿಡಿಎಸ್ ಓದಿದ ನಾನು ಈಗ ಇದೇ ರಾಜ್ಯದ ಕ್ಲಿನಿಕ್ ಒಂದರಲ್ಲಿ ಥೆರಪಿಸ್ಟ್ ಜೊತೆ ದುಡಿಯುತ್ತಿದ್ದೇನೆ. ಅವರಿಗೆ ಪರವಾನಗಿ ಕೊಡುವುದು ನನಗೆ ಕೊಟ್ಟ ಮಂಡಳಿಯೇ. 2009ರ ಕಾಯ್ದೆಯಂತೆ ದಂತವೈದ್ಯರೊಬ್ಬರ ಜೊತೆ ಲಿಖಿತ ಒಪ್ಪಂದವಿಲ್ಲದೆ ಅವರು ಕೆಲಸ ಮಾಡುವಂತಿಲ್ಲ. ಒಬ್ಬ ವೈದ್ಯರು ಐವರಿಗಿಂತ ಹೆಚ್ಚು ಥೆರಪಿಸ್ಟರ ಹೊಣೆ ಹೊರುವಂತಿಲ್ಲ. ಹುಳುಕು ತೆಗೆದು ತುಂಬುವುದು, ಹಾಲುಹಲ್ಲು ಕೀಳುವುದು, ಅದಕ್ಕೆ ಸ್ಟೀಲ್ ಕ್ಯಾಪ್ ಕೂರಿಸುವುದು ಅವರ ಕೆಲಸ. ಖಾಯಂ ಹಲ್ಲಿನ ರೂಟ್ ಕೆನಾಲ್ ನಮ್ಮ ಪಾಲಿಗೇ ಬರುತ್ತದೆ.

ನಮ್ಮ ಥೆರಪಿಸ್ಟ್ ವಸಡಿಗೆ ಜೆಲ್ ಸವರಿ, ಅದು ಮರಗಟ್ಟುವವರೆಗೂ ಮಗುವಿನೊಡನೆ ಮಾತಾಡುತ್ತಲೇ ಇರುತ್ತಾರೆ. ಸೂಜಿಯನ್ನು ಗಲ್ಲದ ಕೆಳಗಿನಿಂದ ತರುತ್ತಾರೆ, ಮಗುವಿನ ಕಣ್ಣಿಗೆ ಬೀಳುವುದೇ ಇಲ್ಲ. ದಿನವಿಡೀ ಮಕ್ಕಳ ಬಾಯಿಯನ್ನೇ ನೋಡುವ ಆ ಕೈ ಪಳಗಿದ ಕೈ.

ಉತ್ತರ 2
ನಾನು ಹುಬ್ಬಳ್ಳಿಯ ದಂತವೈದ್ಯ. ಮೇಡಂ, ಉಳ್ಳವರಿಗೆ ಡಾಕ್ಟರ್, ಬಡವರಿಗೆ ಅರ್ಧ ಓದಿದವರು ಎಂದಾಗುವುದಿಲ್ಲವೇ?

ಉತ್ತರ 1 ಬರೆದವರಿಂದ
ಸರ್, ಈ ಆತಂಕ ನನಗೂ ಇತ್ತು. ಆದರೆ ಅವರು ಅರ್ಧ ಓದಿದವರಲ್ಲ. ಕೆಲವೇ ಚಿಕಿತ್ಸೆಗಳನ್ನು ಪೂರ್ತಿಯಾಗಿ ಕಲಿತವರು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ದಂತವೈದ್ಯ ವಿದ್ಯಾರ್ಥಿಗಳ ಜೊತೆಯಲ್ಲೇ ಅವರ ತರಬೇತಿ. ನ್ಯೂಜಿಲೆಂಡ್‌ನಲ್ಲಿ ಶಾಲಾ ಮಕ್ಕಳಿಗಾಗಿ ಇಂಥವರನ್ನು ತಯಾರು ಮಾಡಲು ತೊಡಗಿದ್ದು 1921ರಲ್ಲಿ. ಅಲಾಸ್ಕದ ಮೂಲನಿವಾಸಿಗಳ ಹಳ್ಳಿಗಳಿಗೆ ಎಷ್ಟೋ ಕಡೆ ರಸ್ತೆಯೇ ಇಲ್ಲ; ಅಲ್ಲಿಂದ ಮೊದಲ ತಂಡ ಕಲಿಯಲು ಹೋದದ್ದೂ ನ್ಯೂಜಿಲೆಂಡ್‌ಗೇ. ಅಮೆರಿಕದ ದಂತವೈದ್ಯರ ಸಂಘ ಆ ಥೆರಪಿಸ್ಟರ ಮೇಲೆ ದಾವೆ ಹೂಡಿತು, 2007ರಲ್ಲಿ ನ್ಯಾಯಾಲಯ ಥೆರಪಿಸ್ಟರ ಪರ ತೀರ್ಪಿತ್ತಿತು. ನಮ್ಮವರೇ ಹೋಗದ ಊರಿಗೆ ಹೋಗುವವರನ್ನು ನಾವೇ ತಡೆದದ್ದು ನನಗೆ ಇಂದಿಗೂ ನೋವಿನ ಸಂಗತಿ. ಕರ್ನಾಟಕದ ಲೆಕ್ಕ ಬೇರೆ, ಒಪ್ಪುತ್ತೇನೆ: ಅಲ್ಲಿ ದಂತವೈದ್ಯ ಕಾಲೇಜುಗಳಿಗೆ ಬರವಿಲ್ಲ, ಓದಿ ಬಂದವರಿಗೆ ಹಳ್ಳಿಗಳಲ್ಲಿ ಹುದ್ದೆ ಸೃಷ್ಟಿಸಬೇಕು.

ತಂಗಿ, ಮೇಲ್ವಿಚಾರಣೆಯ ವೈದ್ಯರು ಗುರುವಾರ ಕ್ಲಿನಿಕ್‌ನಲ್ಲಿ ಇರುತ್ತಾರೆಯೇ ಎಂದು ಫೋನ್ ಮಾಡಿ ಕೇಳಿಕೊಳ್ಳಿ. ಅಷ್ಟರಲ್ಲಿ ಕೆನ್ನೆ ಊದಿಕೊಂಡರೆ, ಜ್ವರ ಬಂದರೆ ಕಾಯಬೇಡಿ. ಕೂಡಲೇ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.