ಸಹಾಯ ಬೇಕು: ಪದೇ ಪದೇ ಗುಳ್ಳೆ ಏಳುವ ಪಾದಕ್ಕೆ ಡ್ರೆಸಿಂಗ್, ಶೂ

ನಮಸ್ಕಾರ, ದಾವಣಗೆರೆಯಿಂದ. ಅಕ್ಕನ ಮಗನಿಗೆ ಎಪಿಡರ್ಮೊಲೈಸಿಸ್ ಬುಲ್ಲೋಸಾ ಸಿಂಪ್ಲೆಕ್ಸ್ ಎಂಬ ಚರ್ಮದ ಕಾಯಿಲೆ ಇದೆ. ಚರ್ಮದ ತಳಪದರದ ಜೀವಕೋಶಗಳಿಗೆ ಗಟ್ಟಿತನ ಕೊಡುವುದು ಕೆರಾಟಿನ್ 5 ಮತ್ತು 14 ಎಂಬ ಪ್ರೋಟೀನ್‌ಗಳು. ಸಾಮಾನ್ಯವಾಗಿ ಇವುಗಳ ಜೀನಿನಲ್ಲಿ ದೋಷವಿದ್ದರೆ ಈ ಕಾಯಿಲೆ ಬರುತ್ತದೆ. ಸ್ವಲ್ಪ ಉಜ್ಜಿದರೂ ಕೋಶ ಒಡೆದು ನೀರುಗುಳ್ಳೆ. ಚಪ್ಪಲಿ ಪಟ್ಟಿ ತಾಗುವಲ್ಲೇ ಮೊದಲು ಏಳುತ್ತವೆ. ನಮ್ಮೂರ ಬೇಸಿಗೆ ಗೊತ್ತಲ್ವಾ, ಬೆವರಿದಷ್ಟೂ ಜಾಸ್ತಿ. (ಅಂಟುರೋಗವಲ್ಲ, ಸುಮ್ನೆ ಹೆದರಬೇಡಿ.)

ಗಾಯಕ್ಕೆ ಅಂಟಿಕೊಳ್ಳದ ಸಿಲಿಕೋನ್ ಡ್ರೆಸಿಂಗ್ ಇಲ್ಲಿ ಅಥವಾ ಚಿತ್ರದುರ್ಗದಲ್ಲಿ ಯಾವ ಮೆಡಿಕಲ್‌ನಲ್ಲಿ ಸಿಗುತ್ತದೆ? ಒಳಗೆ ಹೊಲಿಗೆ ತಾಗದಂಥ ಮೆತ್ತನೆ ಶೂ ಮಾಡಿಕೊಡುವವರು ಇದ್ದಾರಾ? ಜೀನ್ ಪರೀಕ್ಷೆ ಮಾಡಿಸಿದವರಿದ್ದರೆ ಖರ್ಚು ತಿಳಿಸಿ.

ಕೆರಾಟಿನ್ ಶಾಂಪೂ, ಬಯೋಟಿನ್ ಮಾತ್ರೆ ಸಲಹೆ ಮಾತ್ರ ಬೇಡ ಕಣ್ರೀ. ಕೂದಲಿನ ಕೆರಾಟಿನ್‌ಗಳೇ ಬೇರೆ.