ಸಮಸ್ಯೆ: ‘ಕಾಸು ಕಳೆದವನೂರಿನಲಿ ಸಿರಿವಂತನೆನಿಸಿದನು’

ಅವೆನ್ಯೂ ರಸ್ತೆ:
ಈ ವಾರದ ಸಮಸ್ಯೆ ನನ್ನದು. ಅಂಗಡಿಯ ಗಲ್ಲಾಪೆಟ್ಟಿಗೆಯ ತಳದಲ್ಲಿ ತಾತ ಇಟ್ಟಿದ್ದ ಒಂದು ತಾಮ್ರದ ಬಿಲ್ಲೆ ಸಿಕ್ಕಿತು. ಹುಣಸೆಹಣ್ಣು ಹಾಕಿ ತಿಕ್ಕಿದೆ. ಪ್ರಾಣಿಯ ಚಿತ್ರ ಸವೆದು ಹೋಗಿದೆ, ಸಿಂಹವೋ ಆನೆಯೋ ಹೇಳುವ ಹಾಗಿಲ್ಲ. ಅಕ್ಷರ ಮಾತ್ರ ಓದಬಹುದು: ಮಯಿಲಿ ಕಾಸು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಅದನ್ನೇ ನೋಡುತ್ತಾ ಕೂತಿದ್ದಾಗ ಗಿರಾಕಿಯೊಬ್ಬ ‘ಸ್ಕ್ಯಾನ್ ಮಾಡೋದು ಎಲ್ಲಿ?’ ಅಂದ. ಬೆಳಗ್ಗಿನಿಂದ ಒಂದು ನೋಟು ಕಂಡಿರಲಿಲ್ಲ. ಈ ಸಾಲು ಹುಟ್ಟಿತು. ಇದೇ ಕೊನೆಯ ಸಾಲಾಗುವಂತೆ ಪದ್ಯ ಕಟ್ಟಿ, ಪೂರಣ ನಿಮ್ಮದು.

ಗುರುಲಘು:
ಬೋಣಿ ನನ್ನದೇ ಇರಲಿ.

ಬೇಸಗೆಯಲೂರೊಣಗೆ ಜನರಿಗೆ
ಲೇಸ ಬಯಸುತ ಕೆರೆಯ ತೋಡಿಸಿ
ರಾಸುಗಳಿಗೂ ನೀರನುಣಿಸಿದನಿದ್ದುದೆಲ್ಲವನು
ಸೂಸಿ ಸುರಿದನು, ಗುಡಿಸಲುಳಿಯಿತು
ವಾಸಕಾತಗೆ, ಮಂದಿ ನುಡಿದರು
ಕಾಸು ಕಳೆದವನೂರಿನಲಿ ಸಿರಿವಂತನೆನಿಸಿದನು

ಅರಳಿಕಟ್ಟೆ:
ಚೆನ್ನಾಗಿದೆ ರಾಯರೇ.

ಮಾತ್ರೆಮಾಮ:
ಕೆರೆ ಕಟ್ಟಿಸೋದು ಬಿಟ್ಟು ರಾಯರಿಗೆ ಬೇರೆ ದಾರಿ ಕಾಣುವುದಿಲ್ಲ. ಹೋದ ಸಲ ‘ಬಡವನ ಮನೆಯಲ್ಲಿ ಹಬ್ಬ’ ಕೊಟ್ಟಾಗಲೂ ಕೆರೆಯೇ. ಬೆಂಗಳೂರಿನ ಕೆರೆಗಳೆಲ್ಲ ಈಗ ನಿಮ್ಮ ಪದ್ಯದಲ್ಲೇ ಉಳಿದಿರೋದು.

ಗುರುಲಘು:
ನುಂಗಿದವರಿಗಿಂತ ಕಟ್ಟಿದವನು ವಾಸಿ. ನಿಮ್ಮದು ಬರಲಿ, ನೋಡೋಣ.

ಬಸ್‌ಪಾಸ್:
ದೊಡ್ಡವರು ಜಗಳ ಶುರು ಮಾಡುವ ಮುಂಚೆ ನನ್ನದೊಂದು. ಸಾಲನ್ನು ನಾನು ‘ಕಳೆದವನ ಊರಿನಲ್ಲಿ’ ಅಂತ ಒಡೆದಿದ್ದೇನೆ. ಕಳೆದವನೇ ಬೇರೆ, ಸಿರಿವಂತನೇ ಬೇರೆ.

ರೋಸಿ ಬಸ್ಸಿಂದಿಳಿವ ಹೊತ್ತಿಗೆ
ಮಾಸಿದೊಂದಂಗಿಯಲಿ ತಡವಿದ
ಈಸರಲ್ಲಿಯೆ ಪರ್ಸು ಹಾರಿತು ಪಕ್ಕದವನೆಡೆಗೆ
ಮೀಸೆ ತಿರುವುತ ಕಳ್ಳ ಸೈಟನು
ಲೇಸು ನೋಡಿಯೆ ಕೊಂಡ, ನಂಬಿರಿ
ಕಾಸು ಕಳೆದವನೂರಿನಲಿ ಸಿರಿವಂತನೆನಿಸಿದನು

ರೊಕ್ಕದ ರಾಯ:
ಒಡೆದ ರೀತಿಗೆ ಶಭಾಷ್. ಆದ್ರ ತಮ್ಮಾ, ಒಂದು ಪರ್ಸಿನ್ಯಾಗ ಬೆಂಗಳೂರಾಗ ಸೈಟು? ಯಾವ ಲೇಔಟು ಹೇಳಪ್ಪಾ, ನಾನೂ ಬರ್ತೀನಿ.

ಬಸ್‌ಪಾಸ್:
ಅದಕ್ಕೇ ‘ನಂಬಿರಿ’ ಅಂದಿದ್ದು ಸಾರ್.

ಅವೆನ್ಯೂ ರಸ್ತೆ:
ಬಸ್ಸು ಅಂದಾಗ ನೆನಪಾಯಿತು. ಚಿಲ್ಲರೆ ಇಲ್ಲ ಅಂತ ಕಂಡಕ್ಟರ್ ಟಿಕೆಟ್ಟಿನ ಹಿಂದೆ ‘8’ ಅಂತ ಬರೆದುಕೊಟ್ಟು, ನಾವು ಇಳಿಯುವಾಗ ಅದನ್ನು ಮರೆತು... ಹಾಗೆ ನಾನು ಕಳೆದ ಕಾಸು ಸೇರಿಸಿದ್ದರೆ ನನಗೂ ಒಂದು ಸೈಟು ಬರುತ್ತಿತ್ತು.

ಮಾತ್ರೆಮಾಮ:
ಸರಿ, ಈಗ ಕೇಳಿ. ಕೆರೆ ಇಲ್ಲ, ಕಳ್ಳ ಇಲ್ಲ. ನನ್ನವನು ಕಳೆದುಕೊಂಡದ್ದು ‘ಕಾಸು’ ಅನ್ನುವ ಮಾತನ್ನೇ.

ಕಾಸೆನುವ ನುಡಿ ಬಿಟ್ಟು ನಾಲಗೆ
ಕ್ಯಾಶು ಕ್ಯಾಶೆನ್ನುತಲಿ ಮೆರೆಯಿತು
ದೇಸದಾಚೆಗೆ ಹೋದ ಮಗಳೇ ತಿರುಗಿ ಬಂದವಳು
ವೇಸ ಬದಲಿಸಿಕೊಂಡ ನುಡಿಗಳ
ರಾಸಿ ಹಾಕುವ ಪೇಟೆಯೊಳಗಡೆ
ಕಾಸು ಕಳೆದವನೂರಿನಲಿ ಸಿರಿವಂತನೆನಿಸಿದನು

ಗುರುಲಘು:
ಎರಡನೆಯ ಸಾಲು. ಶ.

ಮಾತ್ರೆಮಾಮ:
ಬಂದರಪ್ಪ. ಹೌದು, ಶ. ಏನಾಯಿತು?

ಗುರುಲಘು:
ಪ್ರಾಸ ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕು, ಇಲ್ಲಿ ಅದು ಸ. ಅದಕ್ಕಾಗಿ ದೇಶವನ್ನು ದೇಸ ಮಾಡಿದಿರಿ. ವೇಷವನ್ನು ವೇಸ ಮಾಡಿದಿರಿ. ರಾಶಿಯನ್ನು ರಾಸಿ ಮಾಡಿದಿರಿ. ಇಷ್ಟು ಜನಕ್ಕೆ ಕ್ಷೌರ ಮಾಡಿಸಿದವರು ಒಬ್ಬನನ್ನು ಮಾತ್ರ ಗಡ್ಡದ ಸಮೇತ ಪಂಕ್ತಿಗೆ ಕೂರಿಸಿದ್ದೀರಿ. ಅದನ್ನು ಕೇಳುತ್ತಿದ್ದೇನೆ, ಅಷ್ಟೆ.

ಮಾತ್ರೆಮಾಮ:
ಹತ್ತಿರದ ದನಿಯ ಅಕ್ಷರ ಬಂದರೂ ಸಮೀಪಪ್ರಾಸ ಅಂತ ಹಿಂದಿನವರೇ ಒಪ್ಪಿದ್ದಾರೆ. ಹೋದ ಯುಗಾದಿಗೆ ನೀವು ‘ಹಳ್ಳ’ಕ್ಕೆ ‘ಬೆಲ್ಲ’ ಹಾಕಿದಾಗ ‘ಲ, ಳ ಒಂದೇ ಮನೆಯ ಮಕ್ಕಳು’ ಅಂದಿರಿ. ಸ, ಶ ಬೇರೆ ಮನೆಯವೇ?

ಗುರುಲಘು:
ಆ ಪದ್ಯವನ್ನು ನಾನು ಮಾರನೇ ದಿನವೇ ತಿದ್ದಿದೆ.

ಮಾತ್ರೆಮಾಮ:
ನಾವೆಲ್ಲ ಓದಿ ಆದ ಮೇಲೆ. ಇರಲಿ, ನನ್ನ ಶ ಬೇಕೆಂದೇ ಬಂದದ್ದು. ಸ ಹೋಗಿ ಶ ಆಗಿರುವುದೇ ಪದ್ಯದ ವಿಷಯ. ಕಾಸು ಸಮುದ್ರ ದಾಟಿ ಕ್ಯಾಶ್ ಆಗಿ ಬಂತು. ತವರಿಗೆ ಬಂದ ಮಗಳನ್ನು ಗುರುತಿಸಬೇಕೋ, ಹೊಸಿಲಲ್ಲೇ ನಿಲ್ಲಿಸಬೇಕೋ?

ಗುರುಲಘು:
ಮೊದಲು ಅವಳು ನಮ್ಮ ಮಗಳು ಹೌದೋ ಅಲ್ಲವೋ ನೋಡಿ. ಮನೆಗೆ ಬಂದವಳೆಲ್ಲ ಮಗಳಲ್ಲ.

ಮಾತ್ರೆಮಾಮ:
ಅವೆನ್ಯೂ ರಸ್ತೆಯವರೇ, ಆ ಬಿಲ್ಲೆ ಕೈಗೆ ತಗೊಳ್ಳಿ. ಇಂಗ್ಲಿಷಿನಲ್ಲಿ ಏನಾದರೂ ಬರೆದಿದೆಯಾ?

ಅವೆನ್ಯೂ ರಸ್ತೆ:
ಇರಿ, ಕನ್ನಡಕ. ಹಾಂ, ಇದೆ. ರೋಮನ್ ಅಂಕಿಯಲ್ಲಿ ಇಪ್ಪತ್ತು. ಆಮೇಲೆ... ಕ್ಯಾಶ್.

ಮಾತ್ರೆಮಾಮ:
ಇನ್ನೇನು ಬೇಕು? ಒಂದೇ ಬಿಲ್ಲೆ. ಕನ್ನಡದಲ್ಲಿ ಕಾಸು, ಇಂಗ್ಲಿಷಿನಲ್ಲಿ ಕ್ಯಾಶ್. ಮಹಾರಾಜರ ಟಂಕಸಾಲೆಯೇ ಸಾಕ್ಷಿ.

ಬಸ್‌ಪಾಸ್:
ಔಟ್!

ಗುರುಲಘು:
ನಿಧಾನ. ಇಂಗ್ಲಿಷಿನಲ್ಲಿ ಕ್ಯಾಶ್ ಎರಡಿವೆ. ಒಂದು ನಾಣ್ಯದ ಹೆಸರು. ಅದು ನಮ್ಮ ದಕ್ಷಿಣದ ಕಾಸೇ, ಒಪ್ಪಿದೆ. ಪೋರ್ಚುಗೀಸರ ಬಾಯಿಗೆ ಬಿದ್ದು ಕೈಶ ಆಗಿ, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಚೀನಾದಲ್ಲಿ ನಡುವೆ ಚೌಕ ತೂತಿರುವ ನಾಣ್ಯಕ್ಕೂ ಅವರು ಅದೇ ಹೆಸರು ಹಾಕಿದರು. ಬಿಲ್ಲೆಯ ಮೇಲಿರುವುದು ಈ ಕ್ಯಾಶ್. ಇನ್ನೊಂದು ನಗದು ಅನ್ನುವ ಕ್ಯಾಶ್. ಅದು ಫ್ರೆಂಚಿನವರ ಪೆಟ್ಟಿಗೆಯಿಂದ ಬಂದದ್ದು, ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ಕಾಪ್ಸಾ. ಗಲ್ಲಾಪೆಟ್ಟಿಗೆಯ ಹೆಸರು ಒಳಗಿನ ದುಡ್ಡಿಗೆ ಅಂಟಿಕೊಂಡಿತು. ನಿಮ್ಮ ಪದ್ಯದ ಪೇಟೆಯಲ್ಲಿ ಜನ ‘ಕ್ಯಾಶ್ ಇದೆಯಾ’ ಅಂತ ಕೇಳುವುದು ಈ ಎರಡನೆಯದನ್ನು. ಅವಳು ಪೆಟ್ಟಿಗೆಯ ಮಗಳು ಸ್ವಾಮಿ, ಕಾಸಿನ ಮಗಳಲ್ಲ.

ಮಾತ್ರೆಮಾಮ:
ಪೋರ್ಚುಗೀಸರ ಕೈಶ ಅಂದರೂ ಪೆಟ್ಟಿಗೆಯೇ!

ಗುರುಲಘು:
ಅದಕ್ಕೇ ನಿಮ್ಮಂಥವರು ಎಡವುವುದು.

ಅರಳಿಕಟ್ಟೆ:
ನೀವಿಬ್ಬರೂ ಉಸಿರು ತಗೊಳ್ಳುವಷ್ಟರಲ್ಲಿ ನನ್ನದು ಹಾಕಿಬಿಡುತ್ತೇನೆ. ಕಾಸಿನ ಸರದ ಮೇಲೆ.

ಹಾಸುಗಂಬಳಿ ಕೆಳಗೆ ಮಡಗಿದ
ಕಾಸಿನೆಳೆಯನು ಬಿಚ್ಚಿ ಗುಟ್ಟಲಿ
ಮಾಸಕೊಂದನು ಮಾರಿ ಮಕ್ಕಳನೋದಿಸಿದನಪ್ಪ
ಬೀಸುತಿದ್ದವಳವ್ವ ನಗುತಲಿ
ಲೇಸು ಬಿಡು, ಬರಿಗೊರಳು ಸಾಕೆನೆ
ಕಾಸು ಕಳೆದವನೂರಿನಲಿ ಸಿರಿವಂತನೆನಿಸಿದನು

ಗುರುಲಘು:
ಸೊಗಸು.

ಮಾತ್ರೆಮಾಮ:
ಚೆನ್ನಾಗಿದೆ ಅಕ್ಕ. ರಾಯರೇ, ಕಾಸಿಗೆ ಮೂಲ ಸಂಸ್ಕೃತದ ಕರ್ಷ ಅಂತಲೂ ಹೇಳುತ್ತೀರಾ ನೀವು?

ಗುರುಲಘು:
ಕರ್ಷ ಅನ್ನುವುದು ಒಂದು ತೂಕ. ಅದರಿಂದ ಬಂತು ಅನ್ನುವವರಿದ್ದಾರೆ, ದ್ರಾವಿಡದ ಸ್ವಂತ ಮಾತು ಅನ್ನುವವರೂ ಇದ್ದಾರೆ. ರಾಜರಾಜ ಚೋಳನ ತಂಜಾವೂರಿನ ಶಾಸನಗಳಲ್ಲಿ ಕಾಸು ಅಂದರೆ ಬಂಗಾರದ್ದು. ಈಗ ‘ಮೂರು ಕಾಸಿಗೆ ಬೆಲೆಯಿಲ್ಲ’ ಅಂತ ಬೈಯುತ್ತೀವಲ್ಲ, ಆ ಮಟ್ಟಕ್ಕೆ ಇಳಿದದ್ದು ಆಮೇಲೆ.

ಬಸ್‌ಪಾಸ್:
ಲೋಹ ಕಾಸಿ ಮಾಡುತ್ತಿದ್ದರು, ಅದಕ್ಕೆ ಕಾಸು! ಹಾಲು ಕಾಸು, ನೀರು ಕಾಸು ಅಂತೀವಲ್ಲ.

ಗುರುಲಘು:
ಮಗು, ನೀನು ಸೈಟು ನೋಡಿಕೊಂಡು ಬಾ.

ರೊಕ್ಕದ ರಾಯ:
ನಮ್ಮ ಕಡೆ ಈ ತಂಟೇನ ಇಲ್ಲ. ರೊಕ್ಕ ಅಂದ್ರ ರೊಕ್ಕ. ರಾಜಾಜಿನಗರಕ್ಕ ಬಂದು ಇಪ್ಪತ್ತು ವರ್ಷ ಆತು, ಇನ್ನೂ ತರಕಾರಿಯಾಕಿ ‘ಕಾಸು ಕೊಡಣ್ಣ’ ಅಂದ್ರ ಹಾಲು ಕಾಸೂದ ನೆನಪಾಗ್ತದ. ಒಂದು ಲೆಕ್ಕ ಹೇಳ್ತೀನಿ. 1818ರ ತನಕ ಮದ್ರಾಸಿನ್ಯಾಗ 80 ಕಾಸಿಗೆ ಒಂದು ಹಣ, 42 ಹಣಕ್ಕ ಒಂದು ವರಹ. ಅಂದ್ರ ಒಂದು ವರಹಕ್ಕ 3,360 ಕಾಸು! ನಡುವ 10 ಕಾಸಿಂದ ಒಂದು ನಾಣ್ಯ, ಅದಕ್ಕ ದುಡ್ಡು ಅಂತಿದ್ರು. ಈಗ ಹಣ, ದುಡ್ಡು, ಕಾಸು ಎಲ್ಲಾ ಒಂದ ಆಗಿ ಕುಂತಾವ.

ಅವೆನ್ಯೂ ರಸ್ತೆ:
ನಮ್ಮ ತಾತ ಪೈಗೂ ಕಾಸು ಅಂತಲೇ ಅನ್ನುತ್ತಿದ್ದರು. ಆಣೆಗೆ 12. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂದ ಮೇಲೂ ಅವರ ಲೆಕ್ಕದ ಪುಸ್ತಕ ಆಣೆಯಲ್ಲೇ ಇತ್ತು. ಬೆಲೆ ಕೇಳಿ ಕೊಳ್ಳದೆ ಹೋದವರನ್ನು ನೋಡಿ ‘ಕಾಸಿಗೆ ತಕ್ಕ ಕಜ್ಜಾಯ’ ಅಂತ ಗೊಣಗುತ್ತಿದ್ದರು.

ಮಾತ್ರೆಮಾಮ:
ಎಲ್ಲರೂ ಮಾತು ಬದಲಿಸಿದಿರಿ, ಸಂತೋಷ. ನನ್ನ ಪದ್ಯ ನಿಂತಿತು ಅಂತ ತಿಳಿಯುತ್ತೇನೆ.

ಗುರುಲಘು:
ನಿಂತಿದೆ, ಒಂಟಿ ಕಾಲಿನಲ್ಲಿ. ಎರಡನೆಯ ಸಾಲು. ಶ.

ಅರಳಿಕಟ್ಟೆ:
ಅಯ್ಯೋ ದೇವರೇ. ಮಾಮ, ಆ ಕ್ಯಾಶನ್ನು ಸಾಲಿನ ತಲೆಯಿಂದ ಇಳಿಸಿ ನಡುವೆ ಕೂರಿಸಿ. ‘ಪೋಸು ಕೊಟ್ಟಿತು ಕ್ಯಾಶು ಎನ್ನುತ’. ನಿಮ್ಮ ಶ ಉಳಿಯಿತು, ರಾಯರ ಸ ಉಳಿಯಿತು.

ಮಾತ್ರೆಮಾಮ:
ಪೋಸು! ಅಕ್ಕ, ಇದು ನನಗೆ ಹೊಳೆಯಬೇಕಿತ್ತು. ಆದರೆ ರಾಯರು ಹೇಳಿದ್ದಕ್ಕೆ ಅಲ್ಲ, ನೀವು ಹೇಳಿದ್ದಕ್ಕೆ ತಿದ್ದುತ್ತಿದ್ದೇನೆ. ದಾಖಲಾಗಲಿ.

ಗುರುಲಘು:
ಕ್ಯಾಶು ಎನ್ನುತ. ಅಲ್ಲಿ ಸಂಧಿ ಎಲ್ಲಿ ಹೋಯಿತು?

ರೊಕ್ಕದ ರಾಯ:
‘ಕ್ಯಾಶೆನುತ್ತಲಿ’ ಅನ್ರಿ, ಮುಗೀತು. ಇನ್ನ ಮಲಗ್ರಿ ಇಬ್ರೂ.

ಮಾತ್ರೆಮಾಮ:
ತಿದ್ದಿದೆ. ಮಗಳೋ ಅಲ್ಲವೋ ಅನ್ನುವುದು ನಾಳೆ ಬೆಳಗ್ಗೆ, ನಿಘಂಟು ಇಳಿಸಿಕೊಂಡು ಬರುತ್ತೇನೆ.

ಗುರುಲಘು:
ಬನ್ನಿ. ನನ್ನದು ಮೇಜಿನ ಮೇಲೆಯೇ ಇದೆ.