ಸಹಾಯ ಬೇಕು: ಮಗನನ್ನು ಪರ್ಯಾಯ ಪರೀಕ್ಷೆಗೆ ಹಾಕಲು ಒಪ್ಪಬೇಕೇ?

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗ ಮೂರನೆಯ ತರಗತಿ, ಆಟಿಸಂ ಇದೆ. ರಾಜ್ಯದ ಸಾಮಾನ್ಯ ಪರೀಕ್ಷೆಯ ಬದಲು ಡಿಎಲ್‌ಎಂ ಎಂಬ ಪರ್ಯಾಯ ಪರೀಕ್ಷೆ ಕೊಡಿಸೋಣ ಎಂದು ಶಾಲೆಯವರು ಹೇಳುತ್ತಿದ್ದಾರೆ. ಕಾರಣ ಕೇಳಿದರೆ, "ಆಟಿಸಂ ಇದೆಯಲ್ಲ, ಮಾತೂ ಕಡಿಮೆ" ಎಂಬ ಉತ್ತರ. ಇದೂ ಒಂದು ಕಾರಣವೇ?

ಮಾತು ಕಡಿಮೆ, ನಿಜ. ಆದರೆ ಟ್ಯಾಬ್ಲೆಟ್‌ನಲ್ಲಿ ಚಿತ್ರ ಒತ್ತಿ ಉತ್ತರಿಸುತ್ತಾನೆ, ದಶಕ ಸಹಿತ ಕೂಡುವ ಲೆಕ್ಕ ಮಾಡುತ್ತಾನೆ, ದಿನಸಿ ಬಿಲ್ಲಿನಲ್ಲಿ ಒಂದೇ ಸಾಮಾನು ಎರಡು ಸಲ ಬಂದಿದ್ದರೆ ಬೆರಳಿಟ್ಟು ತೋರಿಸುತ್ತಾನೆ. ಬುದ್ಧಿಮಟ್ಟದ ಪರೀಕ್ಷೆಯನ್ನು ಇಂಗ್ಲಿಷಿನಲ್ಲಷ್ಟೇ ಮಾಡಿದರು. ಮನೆಯಲ್ಲಿ ಅವನು ಕೇಳುವುದೆಲ್ಲ ಕನ್ನಡ.

ಡಿಎಲ್‌ಎಂ ಪರೀಕ್ಷೆ ಅತಿ ತೀವ್ರ ಬೌದ್ಧಿಕ ನ್ಯೂನತೆ ಇರುವ ಮಕ್ಕಳಿಗೆ ಮಾತ್ರ. ಅಮೆರಿಕದ 2015ರ ಕೇಂದ್ರ ಕಾಯ್ದೆ ಇದಕ್ಕೆ ರಾಜ್ಯಮಟ್ಟದಲ್ಲಿ, ಪರೀಕ್ಷೆ ಬರೆಯುವ ಒಟ್ಟು ಮಕ್ಕಳಲ್ಲಿ ಶೇ 1ರ ಮಿತಿ ಹಾಕಿದೆ. ನ್ಯೂನತೆಯ ಹೆಸರೊಂದನ್ನೇ ನೋಡಿ ನಿರ್ಧರಿಸುವಂತಿಲ್ಲ. ಮುಂದೆ ಹೈಸ್ಕೂಲ್ ಡಿಪ್ಲೊಮಾಗೆ (ಶಾಲೆ ಮುಗಿಸಿದ ಪ್ರಮಾಣಪತ್ರಕ್ಕೆ) ತೊಡಕಾಗುವುದಾದರೆ ಪೋಷಕರಿಗೆ ತಿಳಿಸಲೇಬೇಕು. ನಮಗೆ ಯಾರೂ ತಿಳಿಸಲಿಲ್ಲ.

ಐಇಪಿ (ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆ) ಸಭೆಯಲ್ಲಿ ಇದನ್ನು ನಿರಾಕರಿಸಿದವರು ಇದ್ದೀರಾ? ಯಾವ ದಾಖಲೆ ಒಯ್ದಿರಿ? ಹೆಚ್ಚುವರಿ ಸಮಯ, ಪ್ರಶ್ನೆ ಓದಿ ಹೇಳುವ ಸೌಲಭ್ಯ ಪಡೆದು ಸಾಮಾನ್ಯ ಪರೀಕ್ಷೆ ಬರೆದ ಮಕ್ಕಳ ಅನುಭವವನ್ನೂ ದಯವಿಟ್ಟು ತಿಳಿಸಿ.